ಕಾಲೇಜಿಗೂ ಮೊದಲಿನ ಕೊಳ: ದಕ್ಷಿಣ ಬೆಂಗಳೂರಿನ ಈಜು, ಡೈವಿಂಗ್ ಮತ್ತು ವಿಶ್ವವಿದ್ಯಾಲಯ



ಈ ದತ್ತಿ ಉಪನ್ಯಾಸಕ್ಕೆ, ಶಿಕ್ಷಣಕ್ಕೆ ಸಂಬಂಧಪಟ್ಟ ಯಾವ ವಿಷಯವಾದರೂ ಆಗಬಹುದು ಎಂದು ಸಂಘಟಕರು ಹೇಳಿದರು. ನಾನು ಈಜನ್ನು ಆರಿಸಿಕೊಂಡೆ. ಈಜು ಶಿಕ್ಷಣದ ಹೊರಗಿನ ವಿಷಯ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಇಂದಿನ ಮಾತು ಮುಖ್ಯವಾಗಿ ಅವರಿಗಾಗಿ.

2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಆತಿಥ್ಯ ವಹಿಸಿದ್ದು ಜೈನ್ ವಿಶ್ವವಿದ್ಯಾಲಯ. ಪದಕಪಟ್ಟಿಯ ತುದಿಯಲ್ಲಿ ನಿಂತದ್ದೂ ಅದೇ. ಗೆದ್ದ ಚಿನ್ನ 20. ಅದರಲ್ಲಿ ದೊಡ್ಡ ಪಾಲು ನೀರಿನಿಂದ ಬಂತು. ಶಿವ ಶ್ರೀಧರ್ ಎಂಬ ಒಬ್ಬನೇ ಈಜುಗಾರ ಏಳು ಚಿನ್ನ ಗೆದ್ದ. ಹಿಂದಿನ ವರ್ಷವಷ್ಟೇ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಿಬಂದಿದ್ದ ಶ್ರೀಹರಿ ನಟರಾಜ್ ಕೂಡ ಅದೇ ವಿಶ್ವವಿದ್ಯಾಲಯದ ಟೋಪಿ ತೊಟ್ಟು ನೀರಿಗಿಳಿದಿದ್ದ. ಈ ವಿಶ್ವವಿದ್ಯಾಲಯ ನಮ್ಮ ನೆರೆಯದು. ಜಯನಗರ 9ನೇ ಬ್ಲಾಕಿನಲ್ಲೂ ಜೆ.ಪಿ. ನಗರದಲ್ಲೂ ಅದರ ಕಟ್ಟಡಗಳಿವೆ; ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ದೊಡ್ಡ ಕ್ಯಾಂಪಸ್ಸೇ ಇದೆ. 1990ರಲ್ಲಿ ಕಾಲೇಜಾಗಿ ಶುರುವಾಗಿ ಮುಂದೆ ಡೀಮ್ಡ್ ವಿಶ್ವವಿದ್ಯಾಲಯವಾದ ಸಂಸ್ಥೆ ಅದು.

ಪದಕ ತಂದ ಈ ಮಕ್ಕಳಿಗೆ ಈಜು ಕಲಿಸಿದವರು ಯಾರು? ವಿಶ್ವವಿದ್ಯಾಲಯವಲ್ಲ. ಅಲ್ಲಿಗೆ ಸೇರುವ ಹೊತ್ತಿಗೆ ಅವರು ಹತ್ತು ಹನ್ನೆರಡು ವರ್ಷ ಈಜಿ ಮುಗಿಸಿದ್ದರು. ನಮ್ಮಲ್ಲಿ ವಿಶ್ವವಿದ್ಯಾಲಯದ ಈಜಿನ ಚರಿತ್ರೆಯನ್ನು ವಿಶ್ವವಿದ್ಯಾಲಯದಿಂದ ಆರಂಭಿಸಲು ಬರುವುದಿಲ್ಲ. ಪಾಲಿಕೆಯ ಕೊಳ, ಕ್ಲಬ್ಬಿನ ತರಬೇತುದಾರ, ಗ್ಯಾಲರಿಯಲ್ಲಿ ಟಿಫಿನ್ ಡಬ್ಬಿ ಹಿಡಿದು ಕೂತ ತಾಯಿ, ಅಲ್ಲಿಂದ ಆರಂಭಿಸಬೇಕು. ವಿಶ್ವವಿದ್ಯಾಲಯ ಕತೆಯೊಳಗೆ ಬರುವುದು ತಡವಾಗಿ. ಆದರೂ ಅದು ಬರುವ ಘಳಿಗೆಯೇ ಇಡೀ ಕತೆಯನ್ನು ತೀರ್ಮಾನಿಸುತ್ತದೆ. ಇದೇ ನಾನಿವತ್ತು ಹೇಳಬೇಕೆಂದಿರುವ ಮಾತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ ಹುಟ್ಟಿತು. 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಈ ಬಡಾವಣೆಗಳು ಎದ್ದ ನೆಲದಲ್ಲಿ ಆಗ ತೋಟದ ಬಾವಿಗಳಿದ್ದವು, ಯಡಿಯೂರು ಕೆರೆ, ಸಾರಕ್ಕಿ ಕೆರೆ, ಬೈರಸಂದ್ರದ ಕೆರೆ, ಮಡಿವಾಳದ ಕೆರೆ ಇದ್ದವು. ಹಳ್ಳಿಯ ಹುಡುಗರು ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಗಿಳಿದು ಈಜು ಕಲಿಯುತ್ತಿದ್ದರು. ಕಲಿಸುವವನು ಅಣ್ಣನೋ ಸೋದರಮಾವನೋ. ಬೆಂಡು ಬಿಚ್ಚಿದ ದಿನ ಕಲಿಕೆ ಮುಗಿಯಿತು. ಬಾವಿಯ ಕಟ್ಟೆಯಿಂದ ತಲೆ ಕೆಳಗಾಗಿ ಹಾರುವುದೂ ಆ ಕಲಿಕೆಯಲ್ಲೇ ಸೇರಿತ್ತು. ಹೆಣ್ಣುಮಕ್ಕಳಿಗೆ ಮಾತ್ರ ಹೆಚ್ಚಿನ ಕಡೆ ಆ ಬಾವಿಯ ಮೆಟ್ಟಿಲು ಮುಚ್ಚಿಯೇ ಇತ್ತು.

ಬಡಾವಣೆಗಳು ಬೆಳೆದಂತೆ ಬಾವಿಗಳು ಮುಚ್ಚಿದವು, ಕೆರೆಯ ನೀರು ಕೆಟ್ಟಿತು. ಈಜು ಬಾರದ ಒಂದು ತಲೆಮಾರು ಬೆಳೆಯಿತು. ಕಲ್ಲು ಕ್ವಾರಿಗಳಲ್ಲಿ ಕಾಲೇಜು ಹುಡುಗರು ಮುಳುಗಿದ ಸುದ್ದಿ ಇಂದಿಗೂ ಪ್ರತಿ ಬೇಸಿಗೆಯಲ್ಲಿ ಬರುತ್ತದೆ. ಆ ಖಾಲಿ ಜಾಗಕ್ಕೆ ಬಂದದ್ದು ಈಜುಕೊಳ. ಜಯನಗರದ ಪಾಲಿಕೆಯ ಕೊಳದಂಥವು ಮಧ್ಯಮವರ್ಗದ ಮನೆಗಳಿಗೆ ನೀರಿನ ಬಾಗಿಲು ತೆರೆದವು. ತಾಸಿಗೊಂದು ಬ್ಯಾಚ್, ಹೆಂಗಸರಿಗೆ ಬೇರೆ ಹೊತ್ತು, ಏಪ್ರಿಲ್ ಬಂದರೆ ಸಮ್ಮರ್ ಕ್ಯಾಂಪಿನ ನೂಕುನುಗ್ಗಲು. ಮನೆಯ ಹೆಣ್ಣುಮಕ್ಕಳು ಮೊದಲ ಬಾರಿಗೆ ನೀರಿಗಿಳಿದದ್ದು ಇಲ್ಲೇ. ದಕ್ಷಿಣ ಬೆಂಗಳೂರಿನ ಈಜಿನಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದು ಎಂದು ನಾನು ಭಾವಿಸುತ್ತೇನೆ. ಒಲಿಂಪಿಕ್ಸ್ ಅದರ ನಂತರದ ಮಾತು.

ಈಗ ನೆಟ್ಟಕಲ್ಲಪ್ಪ ವೃತ್ತದ ಕಡೆಗೆ ಬರೋಣ. ಬಸವನಗುಡಿ ಅಕ್ವಾಟಿಕ್ ಸೆಂಟರ್ ಇರುವುದು ಅಲ್ಲಿ. ಈಜುವವರ ಬಾಯಲ್ಲಿ ಅದು ಬಿ.ಎ.ಸಿ. ಅದರ ಬೆನ್ನೆಲುಬಾಗಿದ್ದವರು ನೀಲಕಂಠ ರಾವ್ ಜಗದಾಳೆ. ಅವರು ಅಮೃತ್ ಡಿಸ್ಟಿಲರೀಸ್‌ನ ಒಡೆಯರಾಗಿದ್ದರು. ಕರ್ನಾಟಕ ಈಜು ಸಂಸ್ಥೆಯ ಅಧ್ಯಕ್ಷರಾಗಿ ಬಹುಕಾಲ ದುಡಿದು 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಉದ್ಯಮಿಗಳು ಕ್ರೀಡೆಗೆ ಹಣ ಕೊಡುವುದು ಹೊಸದೇನಲ್ಲ. ಹಣ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವುದು ಸುಲಭ. ಒಂದು ಕೊಳವನ್ನು ವರ್ಷದ ಅಷ್ಟೂ ದಿನ ಮುಂಜಾನೆ ಐದಕ್ಕೆ ತೆರೆದಿಡುವುದು, ನೀರನ್ನು ಶುದ್ಧವಾಗಿಡುವುದು, ತರಬೇತುದಾರರನ್ನು ದಶಕಗಳ ಕಾಲ ಉಳಿಸಿಕೊಳ್ಳುವುದು ಬೇರೆಯದೇ ಕೆಲಸ.

ಇಂಥ ಕ್ಲಬ್ಬು ನಡೆಯುವ ರೀತಿಯನ್ನು ನಮ್ಮ ಶಿಕ್ಷಣ ಸಂಸ್ಥೆಗಳು ಗಮನಿಸಬೇಕು. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳ ಹಿಡಿಯುವ ನೀರು 25 ಲಕ್ಷ ಲೀಟರ್. ಅದನ್ನು ಹಗಲಿರುಳು ಸೋಸಬೇಕು, ಕ್ಲೋರಿನ್ ಹದ ನೋಡಬೇಕು, ಜೀವರಕ್ಷಕರನ್ನು ಇಡಬೇಕು. ಈ ಖರ್ಚು ಪದಕದಿಂದ ಹುಟ್ಟುವುದಿಲ್ಲ. ಕಲಿಯಲು ಬರುವ ನೂರಾರು ಮಕ್ಕಳ ಶುಲ್ಕ ಸ್ಪರ್ಧೆಗಿಳಿಯುವ ಸಣ್ಣ ತಂಡವನ್ನು ಸಾಕುತ್ತದೆ. ಕಲಿಯಲು ಬಂದವರಲ್ಲೇ ಯಾರೋ ಒಬ್ಬಳ ಕೈಬೀಸು ಚೆನ್ನಾಗಿದೆ ಎಂದು ತರಬೇತುದಾರರ ಕಣ್ಣಿಗೆ ಬಿದ್ದು ಅವಳು ತಂಡಕ್ಕೆ ಸೇರುತ್ತಾಳೆ.

ನಿಶಾ ಮಿಲೆಟ್ ಬೆಂಗಳೂರಿನಲ್ಲಿ ಹುಟ್ಟಿದವರು. ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾದರು. ಮಗಳು ಈಜು ಕಲಿಯಲೇಬೇಕು ಎಂದು ತಂದೆ ಹಟ ಹಿಡಿದರು. ಚೆನ್ನೈನ ಕೊಳವೊಂದರಲ್ಲಿ ಕಲಿತು, ಬೆಂಗಳೂರಿಗೆ ಮರಳಿ, ಬಿ.ಎ.ಸಿ.ಯಲ್ಲಿ ಪ್ರದೀಪ್ ಕುಮಾರ್ ಅವರ ಕೈಕೆಳಗೆ ಬೆಳೆದು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ನಾಲ್ಕು ವರ್ಷದ ನಂತರ ಅಥೆನ್ಸ್‌ನಲ್ಲಿ ಶಿಖಾ ಟಂಡನ್ 50 ಮತ್ತು 100 ಮೀಟರ್ ಫ್ರೀಸ್ಟೈಲ್‌ಗೆ ಇಳಿದರು. ಅವರೂ ಈ ಊರಿನವರೇ. 2008ರ ಬೀಜಿಂಗ್‌ಗೆ ಹೋದವರಲ್ಲಿ ಬೆಂಗಳೂರಿನ ರೆಹಾನ್ ಪೂಂಚಾ ಇದ್ದರು. 2012ರ ಲಂಡನ್‌ನಲ್ಲಿ ಭಾರತದ ಏಕೈಕ ಈಜುಗಾರನಾಗಿ 1500 ಮೀಟರ್, ಅಂದರೆ ಕೊಳದ ಮೂವತ್ತು ಉದ್ದ, ಈಜಿದವರು ಬಿ.ಎ.ಸಿ.ಯ ಗಗನ್ ಉಳ್ಳಾಲಮಠ. ಅದೇ ಲಂಡನ್‌ನ ಪ್ಯಾರಾಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ ಶರತ್ ಗಾಯಕವಾಡ್ ಕೂಡ ಬೆಂಗಳೂರಿನವರು. ಹುಟ್ಟಿನಿಂದ ಎಡಗೈ ಬೆಳೆದಿಲ್ಲದ ಶರತ್ 2014ರ ಇಂಚಿಯಾನ್ ಪ್ಯಾರಾ ಏಷ್ಯನ್ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಅವರಿಗೂ ನಿರಂಜನ್ ಮುಕುಂದನ್ ಅವರಿಗೂ ಕಲಿಸಿದವರು ಜಾನ್ ಕ್ರಿಸ್ಟೋಫರ್. ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿದ ನಿರಂಜನ್‌ರನ್ನು ಬಾಲ್ಯದಲ್ಲಿ ನೀರಿಗಿಳಿಸಿದ್ದು ಚಿಕಿತ್ಸೆಗೆಂದು. ಮುಂದೆ ಅವರು ಟೋಕಿಯೊ ಪ್ಯಾರಾಲಿಂಪಿಕ್ಸ್ ತಲುಪಿದರು.

ಶ್ರೀಹರಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 2001ರ ಜನವರಿಯಲ್ಲಿ ಹುಟ್ಟಿದ ಹುಡುಗ. ಅಣ್ಣನ ಹಿಂದೆ ಕೊಳಕ್ಕೆ ಹೋದವನು, ಬಿ.ಎ.ಸಿ.ಯಲ್ಲಿ ಜಯರಾಜನ್ ಅವರ ಬಳಿ ವರ್ಷಗಟ್ಟಲೆ ಪಳಗಿ, ಆಮೇಲೆ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ನಿಹಾರ್ ಅಮೀನ್ ಅವರ ಡಾಲ್ಫಿನ್ ಅಕ್ವಾಟಿಕ್ಸ್ ಸೇರಿದ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ದೇಶದ ಕೊಳಗಳೆಲ್ಲ ಮುಚ್ಚಿದವು. ಸ್ಪರ್ಧಿಗಳಿಗಾದರೂ ತೆರೆಯಿರಿ ಎಂಬ ಆದೇಶ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ. ಓಟಗಾರ ಬೀದಿಯಲ್ಲಿ ಓಡಬಹುದು, ಕುಸ್ತಿಪಟು ಮನೆಯಂಗಳದಲ್ಲಿ ಬಸ್ಕಿ ಹೊಡೆಯಬಹುದು. ಈಜುಗಾರನಿಗೆ ನೀರಿಲ್ಲದೆ ದಾರಿಯಿಲ್ಲ. ಕೆಲವೇ ವಾರಗಳಲ್ಲಿ ಕೈಗೆ ನೀರಿನ ಹಿಡಿತ ತಪ್ಪುತ್ತದೆ. ಆ ಏಳು ತಿಂಗಳು ಕಳೆದ ಮೇಲೆ, 2021ರ ಜೂನ್‌ನಲ್ಲಿ, ರೋಮ್‌ನಲ್ಲಿ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದ. ಒಲಿಂಪಿಕ್ಸ್‌ನ ನೇರ ಅರ್ಹತೆಗೆ ಬೇಕಿದ್ದದ್ದು 53.85. ಅಂತರ ಸೆಕೆಂಡಿನ ನೂರರಲ್ಲಿ ಎಂಟು ಪಾಲು. ಅದೇ ರೋಮ್ ಕೂಟದಲ್ಲಿ 200 ಮೀಟರ್ ಬಟರ್‌ಫ್ಲೈಯಲ್ಲಿ 1 ನಿಮಿಷ 56.38 ಸೆಕೆಂಡಿಗೆ ಗೋಡೆ ಮುಟ್ಟಿ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಕೇರಳದ ಸಜನ್ ಪ್ರಕಾಶ್. ಆತ ಪ್ರದೀಪ್ ಕುಮಾರ್ ಅವರ ಶಿಷ್ಯ, ಬಸವನಗುಡಿಯ ಈ ಕೊಳದಲ್ಲೂ ಪಳಗಿದವನು. ಅದುವರೆಗೆ ನಮ್ಮವರಲ್ಲಿ ಒಬ್ಬರೂ ‘ಎ’ ಮಟ್ಟದ ಆ ಕಾಲಮಿತಿಯೊಳಗೆ ಈಜಿರಲಿಲ್ಲ. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಈಜಿದರು. ಇಬ್ಬರ ಹಿಂದೆಯೂ ನಾವು ದಿನಾ ದಾಟಿಹೋಗುವ ಒಂದು ವೃತ್ತದ ಕೊಳ ಇತ್ತು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ವಿಶ್ವವಿದ್ಯಾಲಯದ ಪಾತ್ರಕ್ಕೆ ಬರುತ್ತೇನೆ.

ಈಜುಗಾರ್ತಿಯ ದಿನ ಬೆಳಿಗ್ಗೆ ಐದಕ್ಕೆ ಶುರು. ಎರಡು ತಾಸು ನೀರಿನಲ್ಲಿ, ಆಮೇಲೆ ಕಾಲೇಜು, ಸಂಜೆ ಮತ್ತೆ ಎರಡು ತಾಸು. ಶಾಲೆಯಲ್ಲಿರುವವರೆಗೆ ಹೇಗೋ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಬರುತ್ತಿದ್ದಂತೆ ಮನೆಯಲ್ಲಿ ಮಾತು ಬದಲಾಗುತ್ತದೆ. ಪಿಯುಸಿ, ಸಿಇಟಿ, ಕೋಚಿಂಗ್ ಕ್ಲಾಸು. ‘ಇನ್ನೆರಡು ವರ್ಷ ಓದು, ಸೀಟು ಸಿಕ್ಕ ಮೇಲೆ ಈಜು’ ಎನ್ನುತ್ತಾರೆ. ಆ ಎರಡು ವರ್ಷ ಮತ್ತೆ ಸಿಗುವುದಿಲ್ಲ. ರಾಜ್ಯಮಟ್ಟದಲ್ಲಿ ಪದಕ ತರುವ ಬಾಲಕಿಯರು ಹದಿನಾಲ್ಕು ಹದಿನೈದರಲ್ಲಿ ಲೇನ್ ತುಂಬ ಇರುತ್ತಾರೆ. ಹದಿನೆಂಟಕ್ಕೆ ಬರುವಷ್ಟರಲ್ಲಿ ಲೇನ್ ಬರಿದಾಗಿರುತ್ತದೆ. ಅವರೇನು ಸೋಮಾರಿಗಳಾಗಲಿಲ್ಲ. ಬೇಸರದಿಂದ ಬಿಟ್ಟವರೂ ಕಡಿಮೆ. 75 ಪರ್ಸೆಂಟ್ ಹಾಜರಾತಿ ಮತ್ತು ರಾಷ್ಟ್ರೀಯ ಕೂಟದ ದಿನವೇ ಬೀಳುವ ಇಂಟರ್ನಲ್ ಪರೀಕ್ಷೆ ಅವರನ್ನು ನೀರಿನಿಂದ ಎತ್ತಿ ದಡಕ್ಕೆ ಹಾಕಿದವು.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇಂಥ ವಿದ್ಯಾರ್ಥಿನಿಯರು ರಜಾ ಚೀಟಿ ಹಿಡಿದು ಬರುತ್ತಿದ್ದರು. ತಲೆಗೂದಲು ಒದ್ದೆ, ಕ್ಲೋರಿನ್ನಿಗೆ ಕೆಂಪಾದ ಕಣ್ಣು. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಿಬಂದರೆ ಆ ದಿನಗಳ ಹಾಜರಾತಿ ಸಿಗುತ್ತದೆಯೇ ಎಂಬುದೊಂದೇ ಅವರ ಪ್ರಶ್ನೆ. ನಿಯಮ ಪುಸ್ತಕದಲ್ಲಿ ಉತ್ತರ ಇರುತ್ತಿತ್ತು, ಆಫೀಸಿನ ಮೇಜಿನ ಮೇಲೆ ಇರುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಜೈನ್‌ನಂಥ ಸಂಸ್ಥೆ ಮಾಡಿದ ಕೆಲಸದ ಬೆಲೆ ಗೊತ್ತಾಗುತ್ತದೆ. ಪಂಕಜ್ ಆಡ್ವಾಣಿಯಿಂದ ಕೆ.ಎಲ್. ರಾಹುಲ್‌ವರೆಗೆ ಆಟಗಾರರನ್ನು ಅದು ಸೇರಿಸಿಕೊಂಡಿದೆ. ಆಟವಾಡುವ ವಿದ್ಯಾರ್ಥಿಗೆ ಓದನ್ನೂ ಆಟವನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಅವಕಾಶ ಕೊಟ್ಟದ್ದು ಅದು ಮಾಡಿದ ದೊಡ್ಡ ಕೆಲಸ. ‘ತಯಾರಾದ ಈಜುಗಾರರನ್ನು ಸೇರಿಸಿಕೊಂಡು ಪದಕ ಎಣಿಸುತ್ತಾರೆ’ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಹದಿನೆಂಟರ ಹುಡುಗನನ್ನು ಇಪ್ಪತ್ತೆರಡರವರೆಗೆ ನೀರಿನಲ್ಲಿ ಉಳಿಸುವುದೂ ತಯಾರಿಯೇ. ಈಜುಗಾರನ ಮೈ ಪೂರ್ಣ ಬಲಕ್ಕೆ ಬರುವುದು ಆ ವಯಸ್ಸಿನಲ್ಲಿ. ನನ್ನ ದೂರು ಬೇರೆ: ಈ ಕೆಲಸ ಒಂದೆರಡು ಖಾಸಗಿ ಸಂಸ್ಥೆಗಳ ಇಷ್ಟಕ್ಕೆ ಬಿಟ್ಟದ್ದಾಗಬಾರದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದಾಗಿನಿಂದ ಬಸವನಗುಡಿ, ಜಯನಗರದ ನಮ್ಮ ಹಳೆಯ ಕಾಲೇಜುಗಳು ಎಷ್ಟೋ ಈಜುಗಾರರನ್ನು ಓದಿಸಿವೆ. ಅವರಲ್ಲಿ ಹೆಚ್ಚಿನವರು ಕಾಲೇಜಿನ ನೆರವಿನಿಂದ ಈಜಲಿಲ್ಲ, ಕಾಲೇಜನ್ನು ಸಂಭಾಳಿಸಿಕೊಂಡು ಈಜಿದರು.

ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಇದು ಆಗದ ಕೆಲಸವೇ? ಮೈಸೂರಿಗೆ ಹೋಗಿ ನೋಡಿ. ಸರಸ್ವತಿಪುರಂನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳ ಇದೆ. ವಿದ್ಯಾರ್ಥಿಗಳ ಜೊತೆ ಊರಿನವರೂ ಅಲ್ಲಿ ಈಜುತ್ತಾರೆ, ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಯುತ್ತದೆ. ವಿಶ್ವವಿದ್ಯಾನಿಲಯದ ಕೊಳ ಊರಿನ ಕೊಳವೂ ಆಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇರುವ ನಿದರ್ಶನ ಅದು. 2024ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ ರಾಷ್ಟ್ರೀಯ ಸೀನಿಯರ್ ಚಾಂಪಿಯನ್‌ಷಿಪ್ ನಡೆಯಿತು. ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು.

ಹೊರದೇಶದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕೌನ್ಸಿಲ್‌ಮನ್ ಎಂಬ ತರಬೇತುದಾರರಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ‘ಡಾಕ್’ ಎಂದು. ನೀರಿನಡಿಯಲ್ಲಿ ಕ್ಯಾಮೆರಾ ಇಟ್ಟು ಈಜುಗಾರರ ಕೈಗಳನ್ನು ಚಿತ್ರೀಕರಿಸಿದರು. ಕೈ ನೆಟ್ಟಗೆ ಹಿಂದಕ್ಕೆ ಎಳೆಯುವುದಿಲ್ಲ, ಬಾಗಿ ತಿರುಗಿ ಸಾಗುತ್ತದೆ ಎಂಬುದನ್ನು ಹಾಗೆ ಕಂಡುಕೊಂಡು 1968ರಲ್ಲಿ ಈಜಿನ ವಿಜ್ಞಾನದ ಮೇಲೆ ದೊಡ್ಡ ಪುಸ್ತಕ ಬರೆದರು. ಆ ವರ್ಷದಿಂದ 1973ರವರೆಗೆ ಸತತ ಆರು ಬಾರಿ ಅವರ ತಂಡ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು. 1972ರ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಅವರ ವಿದ್ಯಾರ್ಥಿ. ತಮ್ಮ 58ನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಗುರು ಅವರು. ನನ್ನ ಮನಸ್ಸಿನಲ್ಲಿ ನಿಂತಿರುವುದು ಪದಕಗಳಿಗಿಂತ ಆ ಕ್ಯಾಮೆರಾ. ಕೊಳದ ಪಕ್ಕದಲ್ಲೇ ಅಧ್ಯಯನವೂ ನಡೆಯಿತು. ಕ್ಲಬ್ಬಿಗೆ ಕಷ್ಟವಾದದ್ದನ್ನು ವಿಶ್ವವಿದ್ಯಾಲಯ ಮಾಡಬಲ್ಲದು ಎಂದರೆ ಇದು. ಬೆಂಗಳೂರಿನಲ್ಲಿ ಭೌತಶಾಸ್ತ್ರ, ಶರೀರವಿಜ್ಞಾನ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಬರವೇ? ನೀರಿನಡಿ ಒಂದು ಕ್ಯಾಮೆರಾ ಇಡಲು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಂದು ಪ್ರಾಜೆಕ್ಟ್ ಸಾಕು.

ಅದೇ ಇಂಡಿಯಾನಾದಲ್ಲಿ ಡೈವಿಂಗ್ ಕಲಿಸುತ್ತಿದ್ದವರು ಹೋಬಿ ಬಿಲ್ಲಿಂಗ್ಸ್‌ಲಿ. ನ್ಯೂಟನ್ನನ ನಿಯಮಗಳನ್ನು ಹಲಗೆಯ ಮೇಲೆ ನಿಂತ ಹುಡುಗರಿಗೆ ಬಿಡಿಸಿ ಹೇಳಿದ ಮನುಷ್ಯ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಕೆನ್ ಸಿಟ್ಜ್‌ಬರ್ಗರ್ ಮತ್ತು ಲೆಸ್ಲಿ ಬುಷ್ ಇಬ್ಬರೂ ಚಿನ್ನ ಗೆದ್ದರು.

ನಮ್ಮ ಡೈವಿಂಗ್‌ನ ಕತೆ ಹೇಳಲು ನನಗೆ ಸಂಕಟವಾಗುತ್ತದೆ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಕೆ.ಪಿ. ಠಕ್ಕರ್ ಸ್ಪ್ರಿಂಗ್‌ಬೋರ್ಡ್ ಮತ್ತು ಎತ್ತರದ ವೇದಿಕೆ ಎರಡರಲ್ಲೂ ಚಿನ್ನ ಗೆದ್ದರು. ಸ್ಪ್ರಿಂಗ್‌ಬೋರ್ಡಿನಲ್ಲಿ ಬೆಳ್ಳಿಯೂ ನಮ್ಮವರದೇ, ಆಶು ದತ್ ಅವರದು. ಆಮೇಲೆ ಏಷ್ಯನ್ ಕೂಟದ ಡೈವಿಂಗ್‌ನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ. ದೇಶದೊಳಗಿನ ಡೈವಿಂಗ್ ಪದಕಗಳನ್ನು ಬಹುಪಾಲು ಸೇನೆಯವರೂ ರೈಲ್ವೆಯವರೂ ಹಂಚಿಕೊಳ್ಳುತ್ತಾರೆ. ಈಜಿನಲ್ಲಿ ದೇಶಕ್ಕೇ ಮುಂದಾದ ನಮ್ಮ ರಾಜ್ಯ ಇಲ್ಲಿ ಹಿಂದೆ ನಿಂತಿದೆ.

ಕಾರಣ ನೀರಿನ ಆಳದಲ್ಲಿದೆ. ಈಜಿಗೆ ಎರಡು ಮೀಟರ್ ಆಳ ಸಾಕು. ಹತ್ತು ಮೀಟರ್ ಎತ್ತರದಿಂದ ಹಾರುವವನಿಗೆ ಕೆಳಗೆ ಸುಮಾರು ಐದು ಮೀಟರ್ ನೀರು ಬೇಕು. ಆ ಎತ್ತರದಿಂದ ಬಿದ್ದವನು ಒಂದೂವರೆ ಸೆಕೆಂಡಿನೊಳಗೆ ನೀರು ಮುಟ್ಟುತ್ತಾನೆ, ಆಗಿನ ವೇಗ ಗಂಟೆಗೆ 50 ಕಿಲೊಮೀಟರಿನ ಹತ್ತಿರ. ಅಷ್ಟರೊಳಗೆ ಮೈಯನ್ನು ಎರಡು ಮೂರು ಸುತ್ತು ಮಡಚಿ ಬಿಚ್ಚಬೇಕು, ಕೈ ಮುಂದೆ ಮಾಡಿ ನೆಟ್ಟಗೆ ಒಳಹೊಕ್ಕಬೇಕು. ಏಳು ತೀರ್ಪುಗಾರರು ಅಂಕ ಕೊಡುತ್ತಾರೆ. ಮೇಲಿನ ಎರಡು, ಕೆಳಗಿನ ಎರಡು ಅಂಕ ಬಿಟ್ಟು ಉಳಿದ ಮೂರನ್ನು ಕೂಡಿಸಿ, ಹಾರಿಕೆಯ ಕಷ್ಟಕ್ಕೆ ತಕ್ಕ ಗುಣಾಂಕದಿಂದ ಗುಣಿಸುತ್ತಾರೆ. ಇಂಥ ಕೊಳವನ್ನು ಬಡಾವಣೆಯ ಕ್ಲಬ್ಬು ಕಟ್ಟಲಾರದು. ಆಳ ಹೆಚ್ಚಿದಷ್ಟೂ ಖರ್ಚು ಹೆಚ್ಚು, ಕಲಿಯುವ ಮಕ್ಕಳನ್ನು ಅಲ್ಲಿಗಿಳಿಸಲು ಬಾರದು, ಶುಲ್ಕವೂ ಬಾರದು. ಈಜನ್ನು ಕ್ಲಬ್ಬು ಸಾಕಿದ ದಾರಿಯಲ್ಲಿ ಡೈವಿಂಗ್ ಸಾಗುವುದಿಲ್ಲ. ಅದಕ್ಕೆ ಸೇನೆ ಬೇಕು, ಸರ್ಕಾರ ಬೇಕು, ಇಲ್ಲವೇ ವಿಶ್ವವಿದ್ಯಾಲಯ ಬೇಕು.

ಡೈವಿಂಗ್‌ನ ಅರ್ಧ ಕಲಿಕೆ ನೆಲದ ಮೇಲೆಯೇ ನಡೆಯುತ್ತದೆ. ಟ್ರ್ಯಾಂಪೊಲಿನ್, ಸೊಂಟಕ್ಕೆ ಬಿಗಿಯುವ ಹಗ್ಗದ ಪಟ್ಟಿ, ಸ್ಪಂಜು ತುಂಬಿದ ಗುಂಡಿ, ಅದರ ಅಂಚಿಗೊಂದು ಹಲಗೆ. ಇವು ಒಂದು ದೊಡ್ಡ ಹಾಲ್‌ನಲ್ಲಿ ಹಿಡಿಯುತ್ತವೆ, ಒಂದು ತೊಟ್ಟು ನೀರು ಕೇಳುವುದಿಲ್ಲ. ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. 2024ರ ಮಾರ್ಚ್‌ನಲ್ಲಿ ಬರ ಬಂದು, ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಮನೆಯ ನಲ್ಲಿ ಒಣಗಿರುವಾಗ ಆ ಆದೇಶ ಬರಲೇಬೇಕಿತ್ತು. ಅಂಥ ವರ್ಷಗಳು ಇನ್ನೂ ಬರುತ್ತವೆ. ಹಾಗಾಗಿ ಕೊಳ ಕಟ್ಟುವ ಯಾವುದೇ ವಿಶ್ವವಿದ್ಯಾಲಯ ಮಳೆನೀರಿನ ಸಂಗ್ರಹ, ನೀರಿನ ಮರುಬಳಕೆಗಳನ್ನು ಮೊದಲ ನಕ್ಷೆಯಲ್ಲೇ ಬರೆಯಬೇಕು.

ಒಂದು ಹೆಸರು ಹೇಳುವುದು ಉಳಿದಿದೆ. ಬೆಂಗಳೂರಿನ ಧೀನಿಧಿ ದೇಸಿಂಗು 2010ರ ಮೇ ತಿಂಗಳಲ್ಲಿ ಹುಟ್ಟಿದ ಹುಡುಗಿ. ಹದಿನಾಲ್ಕರ ಹರೆಯದಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ಗೆ ಇಳಿದಳು; ಭಾರತ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು. ಮುಂದಿನ ವರ್ಷ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಒಂಬತ್ತು ಚಿನ್ನ ತಂದಳು. ಇಂಥ ಮಕ್ಕಳು ಕಾಲೇಜಿನ ಬಾಗಿಲಿಗೆ ಬರುವ ಕಾಲ ಹತ್ತಿರದಲ್ಲಿದೆ. ಅವರ ಜೊತೆಗೆ, ಪತ್ರಿಕೆಗಳಲ್ಲಿ ಹೆಸರು ಬಾರದ ನೂರಾರು ಮಂದಿಯೂ ಬರುತ್ತಾರೆ. ರಾಜ್ಯಕೂಟದಲ್ಲಿ ನಾಲ್ಕನೆಯವರಾಗಿ ಬಂದವರು, ಪದಕ ಸಿಗದಿದ್ದರೂ ಮುಂಜಾನೆಯ ಅಭ್ಯಾಸ ತಪ್ಪಿಸದವರು. ನನ್ನ ಚಿಂತೆ ಹೆಚ್ಚಾಗಿ ಅವರದು. ಒಲಿಂಪಿಕ್ಸ್‌ಗೆ ಹೋದವರಿಗೆ ಎಲ್ಲ ಕಾಲೇಜುಗಳೂ ಬಾಗಿಲು ತೆರೆಯುತ್ತವೆ.

ಈ ಸಭೆಯಲ್ಲಿ ಪ್ರಾಂಶುಪಾಲರಿದ್ದೀರಿ, ಸಿಂಡಿಕೇಟ್ ಸದಸ್ಯರಾಗಿದ್ದವರೂ ಇದ್ದೀರಿ. ನಿಮ್ಮಲ್ಲಿ ನನ್ನ ಮನವಿ ಸಣ್ಣದು. ರಾಜ್ಯಮಟ್ಟದಲ್ಲಿ ಸ್ಪರ್ಧಿಸುವ ವಿದ್ಯಾರ್ಥಿಯ ಕೂಟದ ದಿನಗಳನ್ನು ಹಾಜರಿ ಎಂದು ಬರೆಯುವ ಅಧಿಕಾರವನ್ನು ದೈಹಿಕ ಶಿಕ್ಷಣ ನಿರ್ದೇಶಕರ ಕೈಗೇ ಕೊಡಿ. ಆ ಮಗು ಐದು ಮೇಜು ಸುತ್ತಬೇಕಾಗಬಾರದು. ತಪ್ಪಿಹೋದ ಇಂಟರ್ನಲ್ ಪರೀಕ್ಷೆಯನ್ನು ಅದೇ ಸೆಮಿಸ್ಟರಿನಲ್ಲಿ ಮತ್ತೊಮ್ಮೆ ಬರೆಸಿ. ಅಕ್ಕಪಕ್ಕದ ನಾಲ್ಕು ಕಾಲೇಜುಗಳು ಸೇರಿ ಪಾಲಿಕೆಯ ಒಂದು ಕೊಳದಲ್ಲಿ ಬೆಳಗಿನ ಎರಡು ಲೇನ್‌ಗಳನ್ನು ವರ್ಷಪೂರ್ತಿ ಕಾಯ್ದಿರಿಸಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಡೈವಿಂಗ್‌ಗೆ ಮಾತ್ರ ಯಾರಾದರೊಬ್ಬರು ದೊಡ್ಡ ಮನಸ್ಸು ಮಾಡಬೇಕು, ಒಣ ಹಾಲ್‌ನಿಂದ ಶುರು ಮಾಡಿದರೂ ಸರಿ. ತರಬೇತುದಾರರು ಕೆಲವರು ಇಲ್ಲಿಗೆ ಬಂದಿದ್ದೀರಿ. ಆ ಹಾಲ್‌ಗೆ ಎಷ್ಟು ಎತ್ತರ ಬೇಕು, ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಚಹಾ ಬಿಡುವಿನಲ್ಲಿ ದಯವಿಟ್ಟು ಪ್ರಾಂಶುಪಾಲರ ಪಕ್ಕದಲ್ಲಿ ಕೂತುಕೊಳ್ಳಿ.